ಓಡಿದ್ದಕ್ಕಲ್ಲ, ಓಡಲಿಲ್ಲ ಎಂದದ್ದಕ್ಕೆ

ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ಒಂದು ಸ್ಕೀ ತಾಣ. ಬಯಲು ತಾರಸಿಯ ರೆಸ್ಟೋರೆಂಟಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಎದುರಿನ ಇಳಿಜಾರಿನಲ್ಲೆಲ್ಲೋ ಢಂ ಎಂದು ಸದ್ದಾಗುತ್ತದೆ, ಹಿಮ ಜಾರತೊಡಗುತ್ತದೆ. ಜನ ಮೊಬೈಲು ಎತ್ತಿ ಹಿಡಿಯುತ್ತಾರೆ. ಹೆದರಿದ ಮಗನಿಗೆ ಅಪ್ಪ ಧೈರ್ಯ ಹೇಳುತ್ತಾನೆ: ಇದು ಬೇಕೆಂದೇ ಬೀಳಿಸಿದ ಹಿಮ, ಬೀಳಿಸುವವರಿಗೆ ತಮ್ಮ ಕೆಲಸ ಗೊತ್ತು. ಆದರೆ ಹಿಮ ನಿಲ್ಲುವುದಿಲ್ಲ. ಬೆಟ್ಟದೆತ್ತರದ ಬಿಳಿಯ ಗೋಡೆಯೊಂದು ತಾರಸಿಯ ಮೇಲೇ ಬರುತ್ತಿದೆ. ಅಮ್ಮ ಎರಡೂ ಮಕ್ಕಳನ್ನು ಬಾಚಿ ತಬ್ಬಿಕೊಳ್ಳುತ್ತಾಳೆ. ಅಪ್ಪ ಕೈಗವಸು ಮತ್ತು ಮೊಬೈಲು ಎತ್ತಿಕೊಂಡು ಓಡಿಬಿಡುತ್ತಾನೆ. ಪರದೆಯೆಲ್ಲ ಬೆಳ್ಳಗಾಗುತ್ತದೆ. ಬಿಳುಪು ನಿಧಾನಕ್ಕೆ ತಿಳಿಯಾದಾಗ ನೋಡಿದರೆ ಯಾರಿಗೂ ಏನೂ ಆಗಿಲ್ಲ. ಬಂದದ್ದು ಬರೀ ಹಿಮದ ಪುಡಿ. ಅಪ್ಪ ವಾಪಸು ಬಂದು ತನ್ನ ಕುರ್ಚಿಯಲ್ಲಿ ಕೂರುತ್ತಾನೆ.

ಇಷ್ಟೂ ನಡೆಯುವಾಗ ಕ್ಯಾಮೆರಾ ಒಂದಿಂಚೂ ಕದಲಿಲ್ಲ.

ಸ್ವೀಡನ್ನಿನ ನಿರ್ದೇಶಕ ರೂಬೆನ್ ಓಸ್ಟ್‌ಲುಂಡ್ ಅವರ 'ಫೋರ್ಸ್ ಮಜೂರ್' ಚಿತ್ರದ ಆರಂಭದ ಭಾಗವಿದು. ಸ್ವೀಡಿಷ್ ಭಾಷೆಯಲ್ಲಿ ಇದರ ಹೆಸರು 'ತುರಿಸ್ತ್'. 2014ರ ಕಾನ್ ಚಿತ್ರೋತ್ಸವದ 'ಅನ್ ಸರ್ಟೆನ್ ರಿಗಾರ್ಡ್' ವಿಭಾಗದಲ್ಲಿ ತೀರ್ಪುಗಾರರ ಪ್ರಶಸ್ತಿ ಪಡೆಯಿತು. ಆಸ್ಕರ್‌ಗೆ ಸ್ವೀಡನ್ ಕಳಿಸಿದ ಚಿತ್ರವೂ ಇದೇ; ಆದರೆ ಕೊನೆಯ ಐದರ ಪಟ್ಟಿಗೆ ಬರಲಿಲ್ಲ. ಓಸ್ಟ್‌ಲುಂಡ್ ಮುಂದೆ 'ದಿ ಸ್ಕ್ವೇರ್' (2017) ಮತ್ತು 'ಟ್ರಯಾಂಗಲ್ ಆಫ್ ಸ್ಯಾಡ್ನೆಸ್' (2022) ಚಿತ್ರಗಳಿಗೆ ಎರಡು ಬಾರಿ ಕಾನ್‌ನ ಪಾಮ್ ಡೋರ್ ಗೆದ್ದರು. ಪ್ರಶಸ್ತಿಗಳ ತೂಕ ಏನೇ ಇರಲಿ, ಈ ಮೂರರಲ್ಲಿ ಹೆಚ್ಚು ಕಾಲ ಬಾಳುವ ಚಿತ್ರ ಇದೇ. ಉಳಿದೆರಡರಲ್ಲಿ ಸಮಾಜವನ್ನು ಕಟಕಟೆಗೆ ತಂದು ನಿಲ್ಲಿಸುವ ಅವಸರ ಕಾಣುತ್ತದೆ. ಇಲ್ಲಿ ಅಂಥ ಅವಸರವಿಲ್ಲ. ಒಬ್ಬ ಗಂಡ, ಒಬ್ಬ ಹೆಂಡತಿ, ಇಬ್ಬರು ಮಕ್ಕಳು, ಐದು ದಿನದ ರಜೆ.

ಟೋಮಾಸ್ ಮತ್ತು ಎಬ್ಬಾ ದಂಪತಿಗೆ ವೆರಾ, ಹ್ಯಾರಿ ಎಂಬ ಮಕ್ಕಳು. ಅಪ್ಪನಿಗೆ ಸದಾ ಕೆಲಸ, ಈ ಐದು ದಿನವಾದರೂ ಅವನು ಮನೆಯವರ ಜೊತೆ ಇರಲಿ ಎಂಬ ಲೆಕ್ಕದಲ್ಲಿ ಬಂದಿದ್ದಾರೆ. ಮೊದಲ ದೃಶ್ಯದಲ್ಲೇ ತಾಣದ ಛಾಯಾಗ್ರಾಹಕ ನಾಲ್ವರನ್ನೂ ಹಿಡಿದು ನಿಲ್ಲಿಸುತ್ತಾನೆ. ಹತ್ತಿರ ಬನ್ನಿ, ತಲೆ ವಾಲಿಸಿ, ಹೆಗಲ ಮೇಲೆ ಕೈ ಹಾಕಿ ಎಂದು ಹೇಳಿಹೇಳಿ ಒಂದು ಸುಖೀ ಸಂಸಾರವನ್ನು ಜೋಡಿಸುತ್ತಾನೆ. ಮನಾಲಿ ಹತ್ತಿರದ ಸೋಲಾಂಗ್ ಕಣಿವೆಯಲ್ಲಿ ಬಾಡಿಗೆಯ ದಪ್ಪ ಕೋಟು ತೊಟ್ಟು, ಕೈಗೆ ಹಿಮದುಂಡೆ ಹಿಡಿಸಿಕೊಂಡು ಫೋಟೊ ತೆಗೆಸಿಕೊಂಡ ಬೆಂಗಳೂರಿನ ಯಾವ ಕುಟುಂಬಕ್ಕೂ ಈ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಚಿತ್ರದ ಹೊರಾಂಗಣವನ್ನು ಸವೋಯಿ ಪ್ರಾಂತ್ಯದ ಲೆಜ್ ಆರ್ಕ್‌ನಲ್ಲಿ ಚಿತ್ರಿಸಲಾಗಿದೆ. 1968ರಲ್ಲಿ ಶುರುವಾದ ಈ ತಾಣ ಬೆಟ್ಟದ ಮೇಲೆ ಸ್ಕೀಗೆಂದೇ ಕಟ್ಟಿದ ಊರು. ಓಸ್ಟ್‌ಲುಂಡ್‌ಗೆ ಇಂಥ ಜಾಗಗಳು ಹೊಸವಲ್ಲ, ಇಪ್ಪತ್ತರ ಹರೆಯದಲ್ಲಿ ಆಲ್ಪ್ಸ್‌ನಲ್ಲಿ ಸ್ಕೀ ಚಿತ್ರಗಳನ್ನು ಮಾಡಿಕೊಂಡೇ ಅವರು ಸಿನಿಮಾ ಕಲಿತದ್ದು. ಹಾಗಾಗಿ ಅವರ ಕಣ್ಣು ಪರ್ವತದ ಸೊಬಗಿಗಿಂತ ಅದನ್ನು ಪಳಗಿಸಿಡುವ ಯಂತ್ರಗಳ ಮೇಲೆ ನೆಡುತ್ತದೆ. ಇಳಿಜಾರಿನಲ್ಲಿ ನೆಟ್ಟ ಬಾಗಿದ ಕೊಳವೆಗಳಲ್ಲಿ ಪ್ರೊಪೇನ್ ಮತ್ತು ಆಮ್ಲಜನಕದ ಮಿಶ್ರಣವನ್ನು ಸ್ಫೋಟಿಸುತ್ತಾರೆ. ಸಡಿಲಾದ ಹಿಮ ದೊಡ್ಡ ರಾಶಿಯಾಗುವ ಮುನ್ನವೇ ಚೂರುಚೂರಾಗಿ ಉದುರಲಿ ಎಂದು. ರಾತ್ರಿಯಿಡೀ ಹಿಮ ಸಪಾಟು ಮಾಡುವ ವಾಹನಗಳು ದೀಪ ಹೊತ್ತಿಸಿಕೊಂಡು ಬೆಟ್ಟ ಹತ್ತಿಳಿಯುತ್ತವೆ. ಹೋಟೆಲಿನೊಳಗೆ ಇಡೀ ಸಂಸಾರ ಒಂದೇ ಕನ್ನಡಿಯೆದುರು ನಿಂತು ಗುಂಯ್‌ಗುಡುವ ಬ್ರಷ್ಷುಗಳಲ್ಲಿ ಹಲ್ಲುಜ್ಜುತ್ತದೆ. ಬೆಟ್ಟದಲ್ಲೂ ಬಚ್ಚಲಲ್ಲೂ ಎಲ್ಲವೂ ಹತೋಟಿಯಲ್ಲಿದೆ. ಹಿನ್ನೆಲೆಯಲ್ಲಿ ಅಕಾರ್ಡಿಯನ್ ಮೇಲೆ ನುಡಿಯುವುದು ವಿವಾಲ್ದಿಯ 'ನಾಲ್ಕು ಋತುಗಳು' ಕೃತಿಯ ಬೇಸಿಗೆ ಭಾಗ, ಅದರಲ್ಲೂ ಬಿರುಗಾಳಿಯ ತುಣುಕು. ಹಿಮದ ಚಿತ್ರಕ್ಕೆ ಬೇಸಿಗೆಯ ಬಿರುಗಾಳಿ ಒಗ್ಗುವುದು ಹೇಗೆ ಎಂಬ ಅನುಮಾನ ಒಂದೆರಡು ದೃಶ್ಯಗಳಲ್ಲೇ ಕಳೆದುಹೋಗುತ್ತದೆ.

ಟೋಮಾಸ್ ಓಡಿದ್ದು ಕೆಲವೇ ಕ್ಷಣ. ಚಿತ್ರ ಎರಡು ಗಂಟೆಯದು. ಉಳಿದ ಹೊತ್ತೆಲ್ಲ ಏನು ನಡೆಯುತ್ತದೆ ಎಂಬುದರಲ್ಲಿಯೇ ಓಸ್ಟ್‌ಲುಂಡ್ ಅವರ ಹಿರಿಮೆ ಇದೆ. ಈ ಚಿತ್ರವನ್ನು 'ಹೇಡಿ ಗಂಡನ ಕಥೆ' ಎಂದು ವಿವರಿಸಿದವರು ಬಹಳ. ಅದು ಅರ್ಧ ಓದು. ಜೀವ ಉಳಿಸಿಕೊಳ್ಳಲು ಕಾಲು ತಾನೇ ಓಡಿತು ಎಂಬುದನ್ನು ಎಬ್ಬಾ ಕ್ಷಮಿಸಬಲ್ಲಳು, ಅವಳ ಮುಖದಲ್ಲಿ ಅದು ಕಾಣುತ್ತದೆ. ಅವನು ವಾಪಸು ಬಂದ ಕೂಡಲೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡುವುದಿಲ್ಲ. ಅಂದು ರಾತ್ರಿ ಶಾರ್ಲೊಟ್ ಎಂಬ ಹೊಸ ಪರಿಚಯದ ಮಹಿಳೆ ಮತ್ತು ಅವಳ ರಜೆಯ ಸಂಗಾತಿಯ ಜೊತೆ ಊಟಕ್ಕೆ ಕೂತಾಗ ಎಬ್ಬಾ ನಗುನಗುತ್ತಲೇ ನಡೆದದ್ದನ್ನು ಹೇಳುತ್ತಾಳೆ. ಟೋಮಾಸ್ ತಾನು ಓಡಲೇ ಇಲ್ಲ ಎನ್ನುತ್ತಾನೆ. ನನ್ನ ನೆನಪು ಬೇರೆ ಎನ್ನುತ್ತಾನೆ. ಸ್ಕೀ ಬೂಟು ತೊಟ್ಟು ಓಡಲು ಆಗುತ್ತದೆಯೇ ಎಂದು ವಾದಿಸುತ್ತಾನೆ. ಪ್ರೇಕ್ಷಕರು ಎಲ್ಲವನ್ನೂ ಕಣ್ಣಾರೆ ಕಂಡಿದ್ದಾರೆ. ಕದಲದ ಆ ಕ್ಯಾಮೆರಾಗೆ ಅರ್ಥ ಬರುವುದು ಈಗ. ಪುರಾವೆಯನ್ನು ನಿರ್ದೇಶಕರು ಮೊದಲೇ, ಕತ್ತರಿ ತಾಗಿಸದೆ, ನಮ್ಮ ಕೈಗಿಟ್ಟಿದ್ದಾರೆ.

ಗಂಡ ಹೆಂಡತಿ ಕೋಣೆಯ ಹೊರಗೆ ನಿಂತು ಒಂದು ಒಪ್ಪಂದಕ್ಕೆ ಬರುತ್ತಾರೆ: ಹಿಮ ಜಾರಿತು, ಹೆದರಿದೆವು, ಈಗ ಎಲ್ಲ ಸರಿಯಿದೆ. ಇಬ್ಬರೇ ಇದ್ದಿದ್ದರೆ ಈ ಒಪ್ಪಂದದ ಮೇಲೆ ಆ ಸಂಸಾರ ಇನ್ನಷ್ಟು ವರ್ಷ ತೆವಳುತ್ತಿತ್ತೇನೋ. ಅದನ್ನು ಮುರಿಯುವುದು ಗೆಳೆಯರ ಆಗಮನ.

ಮಾಟ್ಸ್ ಟೋಮಾಸ್‌ನ ಗೆಳೆಯ. ಕೆಂಪು ಗಡ್ಡದ ಕ್ರಿಸ್ಟೋಫರ್ ಹಿವ್ಯು ಈ ಪಾತ್ರದಲ್ಲಿದ್ದಾರೆ, 'ಗೇಮ್ ಆಫ್ ಥ್ರೋನ್ಸ್' ನೋಡಿದವರಿಗೆ ಟೋರ್ಮಂಡ್ ಆಗಿ ಪರಿಚಿತರು. ವಿಚ್ಛೇದನವಾದ ಮಾಟ್ಸ್ ತನಗಿಂತ ಬಹಳ ಚಿಕ್ಕವಳಾದ ಫಾನಿಯನ್ನು ಕರೆದುಕೊಂಡು ಬಂದಿದ್ದಾನೆ. ಕೋಣೆಯಲ್ಲಿ ನಾಲ್ವರು ವೈನ್ ಹಿಡಿದು ಕೂತಾಗ ಎಬ್ಬಾ ಮತ್ತೆ ಆ ಮಾತೆತ್ತುತ್ತಾಳೆ. ಈ ಬಾರಿ ನಗುವಿಲ್ಲ. ಇಡೀ ಚಿತ್ರದ ಅತ್ಯುತ್ತಮ ದೃಶ್ಯವಿದು, ಹಿಮಕುಸಿತಕ್ಕಿಂತಲೂ ಉತ್ತಮ. ಲೀಸಾ ಲೋವೆನ್ ಕೊಂಗ್ಸ್‌ಲಿ ಅವರ ದನಿ ನಡುಗುತ್ತದೆ, ಆದರೆ ಮಾತು ತಡವರಿಸುವುದಿಲ್ಲ. ಯೊಹಾನ್ನೆಸ್ ಬಾ ಕುಂಕೆ ಅವರ ಟೋಮಾಸ್ ಬೇರೆಯವರ ವಿಚಾರ ಕೇಳುತ್ತಿರುವವನಂತೆ ಕೂತಿದ್ದಾನೆ. ಗೆಳೆಯನ ಮಾನ ಕಾಯಲು ಮಾಟ್ಸ್ ಪಡುವ ಪಾಡು ನೋಡುವುದೇ ಕಷ್ಟ: ಅಪಾಯದಲ್ಲಿ ಮನುಷ್ಯನಿಗೆ ಬುದ್ಧಿ ಕೆಲಸ ಮಾಡುವುದಿಲ್ಲ ಎನ್ನುತ್ತಾನೆ, ಆಮೇಲೆ, ಹಿಮದಡಿ ಸಿಕ್ಕಿಕೊಂಡವರನ್ನು ಅಗೆದು ತೆಗೆಯಲಾದರೂ ಒಬ್ಬ ಹೊರಗಿರಬೇಕಲ್ಲ ಎನ್ನುತ್ತಾನೆ. ನಡುವೆ ಮಗನ ಆಟದ ಡ್ರೋನ್ ಗುಂಯ್ ಎಂದು ಕೋಣೆಯೊಳಗೆ ಹಾರಿಬರುತ್ತದೆ. ಕೊನೆಗೆ ಎಬ್ಬಾ ಗಂಡನ ಮೊಬೈಲಿನಲ್ಲೇ ಇದ್ದ ವಿಡಿಯೊ ತೋರಿಸುತ್ತಾಳೆ. ಮಕ್ಕಳನ್ನು ಬಿಟ್ಟು ಎತ್ತಿಕೊಂಡು ಓಡಿದ ಆ ಮೊಬೈಲೇ ಅವನ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಮನೆಯ ಮಾತನ್ನು ನಾಲ್ಕು ಜನರೆದುರು ಆಡಬಾರದು ಎಂದು ಬೆಳೆದವರಿಗೆ ಎಬ್ಬಾಳ ನಡೆ ಒರಟೆನಿಸಬಹುದು. ಅವಳು ಗಂಡನನ್ನು ಬೇಕೆಂದೇ ಅವಮಾನಿಸುತ್ತಿದ್ದಾಳೆ ಎಂದು ದೂರುವವರಿದ್ದಾರೆ. ಚಿತ್ರವನ್ನು ಗಮನವಿಟ್ಟು ನೋಡಿದರೆ ಈ ದೂರು ನಿಲ್ಲುವುದಿಲ್ಲ. ಒಬ್ಬಳ ಅನುಭವವನ್ನೇ ಜೊತೆಗಿದ್ದವನು ಅಲ್ಲಗಳೆದಾಗ, ತಾನು ಕಂಡದ್ದು ನಿಜವೋ ಅಲ್ಲವೋ ಎಂದು ಕೇಳಲು ಅವಳಿಗೆ ಮೂರನೆಯವರು ಬೇಕಾಗುತ್ತಾರೆ. ಗೆಳೆಯರ ಜೊತೆಗಿನ ರಜೆಯಲ್ಲಿ ಪ್ರತಿ ಕುಟುಂಬವೂ ತನ್ನ ಸುಖವನ್ನು ಇನ್ನೊಂದಕ್ಕೆ ತೋರಿಸಿಕೊಳ್ಳುತ್ತದೆ. ಓಸ್ಟ್‌ಲುಂಡ್ ಆ ನೋಡುವ ಕಣ್ಣುಗಳನ್ನೇ ಪಂಚಾಯಿತಿ ಕಟ್ಟೆಗೆ ಕೂರಿಸಿದ್ದಾರೆ. ಪಂಚರೂ ಪಾರಾಗುವುದಿಲ್ಲ. ಅಂದು ರಾತ್ರಿ ಫಾನಿ, ನೀನೂ ಓಡುವವನೇ ಎಂದುಬಿಡುತ್ತಾಳೆ. ಮಾಟ್ಸ್‌ಗೆ ನಿದ್ದೆ ಹತ್ತುವುದಿಲ್ಲ. ನಾನು ಓಡುವವನಲ್ಲ ಎಂದು ಹಾಸಿಗೆಯಲ್ಲಿ ಗಂಟೆಗಟ್ಟಲೆ ವಾದಿಸುತ್ತಾನೆ. ಬಾರದ ಅಪಾಯಕ್ಕೆ, ಮಾಡದ ತಪ್ಪಿಗೆ ಒಬ್ಬ ಇಷ್ಟು ಸಮರ್ಥನೆ ಕೊಡಬೇಕಾಗಿ ಬಂದದ್ದರಲ್ಲಿ ನಗೆಯೂ ಇದೆ, ಸಂಕಟವೂ ಇದೆ.

ಗಂಡಸು ಕಾಯುವವನು ಎಂಬ ನಂಬಿಕೆಗೆ ಇತಿಹಾಸದಲ್ಲಿ ಎಷ್ಟು ಆಧಾರವಿದೆ? ಸ್ವೀಡನ್ನಿನದೇ ಉಪ್ಸಾಲ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಮಿಕೇಲ್ ಎಲಿಂಡರ್ ಮತ್ತು ಆಸ್ಕರ್ ಎರಿಕ್ಸನ್ 2012ರಲ್ಲಿ 18 ಹಡಗು ದುರಂತಗಳನ್ನು ಅಧ್ಯಯನ ಮಾಡಿದರು. ಮೂರು ಶತಮಾನಗಳಲ್ಲಿ ಹರಡಿದ ದುರಂತಗಳು, 15,000ಕ್ಕೂ ಹೆಚ್ಚು ಜನರ ಗತಿ. 'ಹೆಂಗಸರು ಮಕ್ಕಳು ಮೊದಲು' ಎಂಬುದು 1912ರ ಟೈಟಾನಿಕ್‌ನಲ್ಲಿ ನಡೆದದ್ದು ನಿಜ, ಆದರೆ ಅದು ಅಪವಾದ. ಒಟ್ಟಾರೆ ನೋಡಿದರೆ ಹೆಂಗಸರು ಬದುಕುಳಿದ ಪ್ರಮಾಣ ಗಂಡಸರಿಗಿಂತ ಬಹಳ ಕಡಿಮೆ. ಪ್ರಯಾಣಿಕರಿಗಿಂತ ಹಡಗಿನ ಸಿಬ್ಬಂದಿಯೇ ಹೆಚ್ಚು ಉಳಿದಿದ್ದರು. 1994ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ 'ಎಸ್ಟೋನಿಯಾ' ಹಡಗು ಮುಳುಗಿ 852 ಜನ ಸತ್ತರು, ಅವರಲ್ಲಿ ಸ್ವೀಡನ್ನಿನವರೇ ಹೆಚ್ಚು. ಆ ನೆನಪು ಹಸಿಯಾಗಿರುವ ನಾಡಿನಿಂದ ಬಂದ ಚಿತ್ರವಿದು. ಟೋಮಾಸ್ ಅಪರೂಪದ ದುಷ್ಟನಲ್ಲ ಎಂಬುದು ಅದರ ವಾದದ ಬುನಾದಿ.

ಹಾಗೆಂದು ಅವನ ಮೇಲೆ ಕರುಣೆಯ ಮಳೆಯನ್ನೂ ಸುರಿಸುವುದಿಲ್ಲ. ಬೆಟ್ಟದ ತುದಿಯಲ್ಲಿ ಕಿರುಚಿ ಮನಸ್ಸು ಹಗುರ ಮಾಡಿಕೋ ಎಂದು ಮಾಟ್ಸ್ ಸಲಹೆ ಕೊಡುತ್ತಾನೆ, ಟೋಮಾಸ್ ಕಿರುಚುತ್ತಾನೆ. ಆಮೇಲೆ ಬಿಯರ್ ಹಿಡಿದು ಇಬ್ಬರೂ ಬಿಸಿಲಿಗೆ ಮೈಯೊಡ್ಡಿದಾಗ ಒಬ್ಬ ಹುಡುಗಿ ಬಂದು, ಇಲ್ಲಿರುವವರಲ್ಲಿ ನೀವೇ ಚೆಲುವರು ಎಂದು ನನ್ನ ಗೆಳತಿ ಹೇಳುತ್ತಿದ್ದಾಳೆ ಎನ್ನುತ್ತಾಳೆ. ತುಸು ಹೊತ್ತಿಗೆ ಮರಳಿ ಬಂದು, ಕ್ಷಮಿಸಿ, ಅವಳು ಹೇಳಿದ್ದು ಬೇರೆಯವರನ್ನು ಎನ್ನುತ್ತಾಳೆ. ಕೊನೆಗೆ ಹೋಟೆಲಿನ ಪಡಸಾಲೆಯಲ್ಲಿ ಅವನು ಕುಸಿದು ಗೋಳೋ ಎಂದು ಅಳುತ್ತಾನೆ. ಮೊದಲು ನಟನೆ, ಆಮೇಲೆ ನಿಜ. ಯಾವ ಗಳಿಗೆಯಲ್ಲಿ ಒಂದು ಇನ್ನೊಂದಾಯಿತು ಎಂದು ಹೇಳಲಾಗದು. ಮಕ್ಕಳು ಬಂದು ಅಪ್ಪನ ಮೇಲೆ ಬಿದ್ದು ತಬ್ಬುತ್ತಾರೆ, ಅಮ್ಮನನ್ನೂ ಕರೆಯುತ್ತಾರೆ. ಅಪ್ಪ ಅಮ್ಮ ಬೇರೆಯಾಗುತ್ತಾರೇನೋ ಎಂಬ ಭಯ ಅವರಿಗೆ ಹಿಮದ ಭಯಕ್ಕಿಂತ ದೊಡ್ಡದು.

ಕೊನೆಯ ದಿನ ದಟ್ಟ ಮಂಜು. ಸ್ಕೀ ಮಾಡುತ್ತ ಎಬ್ಬಾ ಹಿಂದೆ ಉಳಿದು ಕಾಣೆಯಾಗುತ್ತಾಳೆ. ಟೋಮಾಸ್ ಮಕ್ಕಳನ್ನು ನಿಲ್ಲಿಸಿ, ಮಂಜಿನೊಳಗೆ ಹೋಗಿ, ಹೆಂಡತಿಯನ್ನು ಎತ್ತಿಕೊಂಡು ಬರುತ್ತಾನೆ. ಮಕ್ಕಳ ಮುಖ ಅರಳುತ್ತದೆ. ಎಬ್ಬಾ ಕೆಳಗಿಳಿದು, ತನ್ನ ಸ್ಕೀ ತರಲು ತಾನೇ ನಡೆದುಹೋಗುತ್ತಾಳೆ. ಅವಳು ನಿಜವಾಗಿ ದಾರಿ ತಪ್ಪಿದ್ದಳೇ, ಮಕ್ಕಳಿಗೆ ಅವರ ಅಪ್ಪನನ್ನು ಮರಳಿಸಲೆಂದು ಹಾಗೆ ಮಾಡಿದಳೇ? ಚಿತ್ರ ಉತ್ತರಿಸುವುದಿಲ್ಲ, ಉತ್ತರಿಸಬಾರದು ಕೂಡ. 2020ರಲ್ಲಿ ಬಂದ ಅಮೆರಿಕದ ಮರುಸೃಷ್ಟಿ 'ಡೌನ್‌ಹಿಲ್' ಇಲ್ಲೇ ಎಡವಿತು. ವಿಲ್ ಫೆರೆಲ್, ಜೂಲಿಯಾ ಲೂಯಿ-ಡ್ರೈಫಸ್ ಅವರಂಥ ನಟರಿದ್ದೂ ಅದು ಎಲ್ಲಕ್ಕೂ ಕಾರಣ ಒದಗಿಸುತ್ತದೆ. ಅಲ್ಲಿನ ಗಂಡ ತನ್ನ ತಂದೆಯ ಸಾವಿನ ದುಃಖದಲ್ಲಿದ್ದಾನೆ. ಅಲ್ಲಿನ ಹೆಂಡತಿ ಆ ರಕ್ಷಣೆಯ ನಾಟಕ ಮಕ್ಕಳಿಗಾಗಿ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಹೇಳಿದೊಡನೆ ದೃಶ್ಯ ಸಪ್ಪೆಯಾಗುತ್ತದೆ.

ಮೂಲದಲ್ಲೂ ಕೊರತೆಗಳಿವೆ. ಶಾರ್ಲೊಟ್ ಗಂಡ ಮಕ್ಕಳನ್ನು ಊರಲ್ಲಿ ಬಿಟ್ಟು ತನ್ನಿಷ್ಟದಂತೆ ರಜೆ ಕಳೆಯುವವಳು. ಎಬ್ಬಾಳ ಪ್ರಶ್ನೆಗಳಿಗೆ ಎದುರು ನಿಲ್ಲಲೆಂದೇ ಬರೆದ ಪಾತ್ರ ಎಂಬುದು ತುಸು ಎದ್ದು ಕಾಣುತ್ತದೆ. ಮೊಗಸಾಲೆಯಲ್ಲಿ ಸಿಗರೇಟು ಸೇದುತ್ತ ಈ ದಂಪತಿಯ ಜಗಳ ನೋಡುವ ಸ್ವಚ್ಛತಾ ಕೆಲಸಗಾರನಿಗೆ ಒಂದು ಮಾತೂ ಇಲ್ಲ. ಈ ಅಚ್ಚುಕಟ್ಟಾದ ಲೋಕವನ್ನು ದಿನವೂ ಗುಡಿಸಿ ಒರೆಸುವವನು ಚಿತ್ರದಲ್ಲಿ ಬರೀ ನೋಡುವ ಕಣ್ಣಾಗಿಬಿಟ್ಟಿದ್ದಾನೆ. ಇದನ್ನು ಕ್ಷಮಿಸುವುದು ಕಷ್ಟ.

ಕೊನೆಯ ಬಸ್ಸಿನ ದೃಶ್ಯದ ಬಗ್ಗೆ ಹೆಚ್ಚು ತಕರಾರು. ಬೆಟ್ಟ ಇಳಿಯುವ ಬಸ್ಸಿನ ಚಾಲಕ ತಿರುವುಗಳಲ್ಲಿ ಪದೇಪದೇ ತಡವರಿಸುತ್ತಾನೆ. ಎಬ್ಬಾ ಗಾಬರಿಯಾಗಿ ಬಾಗಿಲು ತೆಗೆಸಿ ಇಳಿದುಬಿಡುತ್ತಾಳೆ. ಅವಳ ಹಿಂದೆ ಉಳಿದವರೂ ಇಳಿಯುತ್ತಾರೆ, ಶಾರ್ಲೊಟ್ ಒಬ್ಬಳು ಕೂತೇ ಮುಂದೆ ಹೋಗುತ್ತಾಳೆ. ನೀನೂ ಹೆದರಿದೆ, ಇಬ್ಬರದೂ ಸಮ ಎಂದು ಲೆಕ್ಕ ಚುಕ್ತಾ ಮಾಡುವ ಆಸೆ ಇಲ್ಲಿ ನಿರ್ದೇಶಕರಿಗೆ ಬಂದಂತಿದೆ. ಅದು ಸಮವಲ್ಲ. ಎಬ್ಬಾ ತನ್ನ ಭಯವನ್ನು ಎಲ್ಲರೆದುರು ಕೂಗಿ ಹೇಳಿದಳು, ಯಾವುದನ್ನೂ ಮುಚ್ಚಿಡಲಿಲ್ಲ. ಆದರೆ ಆಮೇಲೆ, ಎಲ್ಲರೂ ರಸ್ತೆಯಲ್ಲಿ ಇಳಿದು ನಡೆಯುವಾಗ, ಟೋಮಾಸ್ ಯಾರೋ ಕೊಟ್ಟ ಸಿಗರೇಟು ಹಚ್ಚುತ್ತಾನೆ. ನೀನು ಸೇದುತ್ತೀಯಾ ಅಪ್ಪ ಎಂದು ಹ್ಯಾರಿ ಕೇಳುತ್ತಾನೆ. ಹೌದು, ಸೇದುತ್ತೇನೆ ಎನ್ನುತ್ತಾನೆ ಟೋಮಾಸ್. ಯಾರೂ ಪುರಾವೆ ಮುಂದಿಡದೆ, ಗೋಳಾಟವಿಲ್ಲದೆ ಅವನು ಒಪ್ಪಿಕೊಂಡ ಸಂಗತಿ ಇದು. ಇಡೀ ಬಸ್ಸಿನ ಪ್ರಕರಣ ಸಾಧಿಸಲಾಗದ್ದನ್ನು ಈ ಎರಡು ಸಾಲಿನ ಮಾತುಕತೆ ಸಾಧಿಸುತ್ತದೆ.