ಮೋನೆಯ ಸೂರ್ಯನನ್ನು ನೋಡುವ ಬಗೆ

ಕ್ಲೋದ್ ಮೋನೆ 1872ರಲ್ಲಿ ಬರೆದ ‘ಇಂಪ್ರೆಷನ್, ಸನ್‌ರೈಸ್’ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ತೆರೆಯಿರಿ. ಫ್ರಾನ್ಸಿನ ಉತ್ತರ ಕರಾವಳಿಯ ಲ ಹಾವ್ರ್ ಬಂದರು, ಬೆಳಗಿನ ಮಂಜು, ಸಣ್ಣ ದೋಣಿಗಳು, ಕಿತ್ತಳೆ ಬಣ್ಣದ ಸೂರ್ಯ. ‘ಅರ್ಧಕ್ಕೇ ಬಿಟ್ಟಿದ್ದಾನಲ್ಲ’ ಅನ್ನಿಸಿದರೆ ಸಂಕೋಚ ಬೇಡ. 1874ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ಪ್ರದರ್ಶನಕ್ಕಿಟ್ಟಾಗ ಲೂಯಿ ಲೆರುವಾ ಎಂಬ ವಿಮರ್ಶಕನಿಗೂ ಹಾಗೆಯೇ ಅನ್ನಿಸಿತು. ಅವನು ಗೇಲಿ ಮಾಡಿ ಬರೆದ ಲೇಖನದಿಂದಲೇ ಆ ಕಲಾವಿದರಿಗೆಲ್ಲ ಇಂಪ್ರೆಷನಿಸ್ಟರು ಎಂಬ ಹೆಸರು ಅಂಟಿಕೊಂಡಿತು.

ಈಗ ಚಿತ್ರವನ್ನು ಕಪ್ಪು-ಬಿಳುಪು ಮಾಡಿ. ಫೋನಿನಲ್ಲಿ ಫೋಟೊ ತಿದ್ದುವ ಕಡೆ ಆ ಅನುಕೂಲ ಇರುತ್ತದೆ. ದೋಣಿ ಉಳಿಯುತ್ತದೆ, ಸೂರ್ಯ ಮಾತ್ರ ಹೆಚ್ಚುಕಡಿಮೆ ಮಾಯ! ಮೋನೆ ಸೂರ್ಯನಿಗೆ ಸುತ್ತಲಿನ ಬೂದು ಆಕಾಶಕ್ಕಿಂತ ಹೆಚ್ಚಿನ ಬೆಳಕು ಕೊಟ್ಟೇ ಇಲ್ಲ. ಬೇರೆ ಬಣ್ಣವನ್ನಷ್ಟೇ ಕೊಟ್ಟಿದ್ದಾನೆ. ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ಬಿಡಿಸಿ ಹೇಳಿದ್ದಾರೆ. ನಮ್ಮ ಮಿದುಳಿನಲ್ಲಿ ವಸ್ತು ಎಲ್ಲಿದೆ, ಅಲುಗುತ್ತಿದೆಯೇ ಎಂದು ತಿಳಿಯುವ ವ್ಯವಸ್ಥೆ ತಿಳಿ-ಗಾಢವನ್ನಷ್ಟೇ ಬಲ್ಲದು, ಬಣ್ಣ ಅದಕ್ಕೆ ಕಾಣದು. ಬಣ್ಣ ಗುರುತಿಸುವುದು ಇನ್ನೊಂದು. ಒಂದರ ಪಾಲಿಗೆ ಸೂರ್ಯ ಇದ್ದಾನೆ, ಇನ್ನೊಂದರ ಪಾಲಿಗೆ ಇಲ್ಲ. ಆ ಸೂರ್ಯ ನಿಂತಲ್ಲಿ ನಿಲ್ಲದೆ ಮಿಡಿದಂತೆ ಕಾಣುವುದು ಅದಕ್ಕೇ.

ಇಂಥ ಚಿತ್ರದ ಮುಂದೆ ನಿಂತಾಗ ಏನೇನು ಬರೆದಿದ್ದಾನೆ ಎಂದು ಪಟ್ಟಿ ಮಾಡಲು ಹೋಗಬೇಡಿ. ಒಂದು ಬಣ್ಣವನ್ನು ಹಿಡಿದು, ಇದು ಪಕ್ಕದ ಬಣ್ಣಕ್ಕಿಂತ ಬೆಳ್ಳಗಿದೆಯೋ, ಕಪ್ಪಗಿದೆಯೋ, ಅಥವಾ ಬಣ್ಣವಷ್ಟೇ ಬೇರೆಯೋ ಎಂದು ಕೇಳಿಕೊಳ್ಳಿ. ಕಣ್ಣು ಕಿರಿದು ಮಾಡಿ ನೋಡಿದರೆ ಉತ್ತರ ಬೇಗ ಸಿಗುತ್ತದೆ. ನನ್ನ ಮಟ್ಟಿಗೆ ಇಂಪ್ರೆಷನಿಸ್ಟ್ ಚಿತ್ರವನ್ನು ಸವಿಯುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇದೇ.

ಉಳಿದ ಕಾಲು ಪಾಲು ನೇಕಾರರಿಗೆ ಮೊದಲೇ ಗೊತ್ತಿರುವಂಥದ್ದು. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನ ವಿಜ್ಞಾನಿ ಶೆವ್ರಲ್‌ಗೆ, ಕಪ್ಪು ನೂಲು ಸಾಕಷ್ಟು ಕಪ್ಪಗಿಲ್ಲ ಎಂಬ ದೂರು ಬಂತು. ತಪ್ಪು ನೂಲಿನದಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳದು ಎಂದು ಅವನು ಕಂಡುಕೊಂಡ. 1839ರಲ್ಲಿ ಅದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಕಿತ್ತಳೆಯ ಪಕ್ಕ ನೀಲಿ ಬಂದರೆ ಎರಡೂ ಉಜ್ವಲವಾಗುತ್ತವೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದ ಸೀರೆಯನ್ನು ಬಿಸಿಲಿಗೆ ಹಿಡಿದಾಗ ಎರಡೂ ಅಲ್ಲದ ಮೂರನೆಯ ಬಣ್ಣವೊಂದು ಓಡಾಡುತ್ತದಲ್ಲ, ಮೋನೆಯ ನೀರೂ ಹಾಗೆಯೇ. ಬೂದುನೀಲಿ ನೀರಿನ ಮೇಲೆ ಕಿತ್ತಳೆಯ ಗೀಟುಗಳನ್ನು ಬಿಡಿಬಿಡಿಯಾಗಿ ಎಳೆದಿದ್ದಾನೆ, ಬೆರೆಸಿಲ್ಲ. ಬೆರೆಸುವ ಕೆಲಸ ನಮ್ಮ ಕಣ್ಣಿಗೆ.

ದೋಣಿಗಳನ್ನೂ ನೋಡಿ. ಹತ್ತಿರದ್ದು ಗಾಢ, ಹಿಂದಿನದು ಮಸುಕು, ಅದರಾಚೆಯದು ಇನ್ನೂ ಮಸುಕು. ಗೆರೆ ಹಾಕಿ ದೂರ ತೋರಿಸಿಲ್ಲ, ಮಂಜನ್ನೇ ಅಳತೆಗೋಲು ಮಾಡಿಕೊಂಡಿದ್ದಾನೆ. ಚಿತ್ರ ದೊಡ್ಡದೇನಲ್ಲ, 48 ಸೆಂ.ಮೀ. ಎತ್ತರ, 63 ಸೆಂ.ಮೀ. ಅಗಲ. ಅಷ್ಟರಲ್ಲೇ ಒಂದು ಬಂದರಿನ ಗಾಳಿಯೆಲ್ಲ ತುಂಬಿದೆ.

ನಮ್ಮ ಸೊರಡಿ ಊರಿನಲ್ಲಿ ಕುಳಿತವರಿಗೆ ಬಂದರು ಎಲ್ಲಿಯದು ಎಂದು ಕೇಳಬಹುದು. ಮಳೆಗಾಗಿ ಮುಗಿಲು ನೋಡುವ ಜತ್ತ ತಾಲ್ಲೂಕು ನಮ್ಮದು. ಆದರೆ ಪಂಢರಪುರ ನಮಗೆ ದೂರವಲ್ಲ. ಊರು ಚಂದ್ರಭಾಗೆಯ ಪಶ್ಚಿಮ ದಂಡೆಯ ಮೇಲಿದೆ. ಘಾಟಿನ ಮೆಟ್ಟಿಲ ಮೇಲೆ ನಿಂತರೆ ಸೂರ್ಯ ಹೊಳೆಯಾಚೆಯಿಂದ ಏರುತ್ತಾನೆ. ಆಷಾಢಿಗಿಂತ ಕಾರ್ತಿಕಿ ವಾರಿ ಇದಕ್ಕೆ ಒಳ್ಳೆಯದು, ಆಷಾಢದಲ್ಲಿ ಮೋಡ ಕವಿದಿರುತ್ತದೆ. ವಿಠ್ಠಲನ ದರ್ಶನಕ್ಕೆ ಸಾಲು ಹಚ್ಚುವ ಮುಂಚೆ ಒಂದು ಗಳಿಗೆ ಘಾಟಿನಲ್ಲಿ ನಿಲ್ಲಿ. ದಂಡೆಯ ದೋಣಿ, ಸ್ನಾನಕ್ಕಿಳಿದವರ ತಲೆಗಳು, ಆಚೆ ದಡದ ಗಿಡಗಳು, ಒಂದೊಂದರ ಬಣ್ಣ ಎಷ್ಟೆಷ್ಟು ತೆಳುವಾಗುತ್ತ ಹೋಗುತ್ತದೆ ಗಮನಿಸಿ. ನೆರಳಿನಲ್ಲಿ ಕಪ್ಪು ಎಷ್ಟಿದೆ, ನೀಲಿ ಎಷ್ಟಿದೆ ಎಂದೂ ನೋಡಿ. ಕಪ್ಪು ಬಹಳ ಕಡಿಮೆ.

ಇಷ್ಟಾದ ಮೇಲೆ ಕೊಲ್ಹಾಪುರಕ್ಕೆ ಹೋಗಿ ಬನ್ನಿ. ಶಾಹೂ ಮಹಾರಾಜರ ಆಸ್ಥಾನ ಕಲಾವಿದರಾಗಿದ್ದು 1931ರಲ್ಲಿ ತೀರಿಕೊಂಡ ಅಬಾಲಾಲ್ ರಹಿಮಾನ್ ತಮ್ಮ ಊರಿನ ನೀರು, ಗಿಡ, ಬೆಳಕನ್ನು ಬಯಲಲ್ಲೇ ಕುಳಿತು ಬರೆದವರು. ಅವರನ್ನು ಇಂಪ್ರೆಷನಿಸ್ಟ್ ಎಂದು ಕರೆಯುವ ಅಗತ್ಯವಿಲ್ಲ. ನಮ್ಮ ಸೀಮೆಯ ಬಿಸಿಲನ್ನು ಅವರಷ್ಟು ಚೆನ್ನಾಗಿ ಓದಿಕೊಂಡವರು ಕಡಿಮೆ. ಅಲ್ಲಿನ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಅವರ ಚಿತ್ರಗಳಿವೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮೋನೆಯ ಮೂಲಚಿತ್ರ ಪ್ಯಾರಿಸ್ಸಿನ ಮಾರ್ಮೊತ್ತಾಂ ಸಂಗ್ರಹಾಲಯದಲ್ಲಿದೆ, ಅದನ್ನು ನಾವು ಫೋನಿನ ಗಾಜಿನಲ್ಲೇ ನೋಡಬೇಕು; ಅಬಾಲಾಲರ ಕೈಯಿಂದ ಮೂಡಿದ ಬಣ್ಣವನ್ನು ಮಾತ್ರ ಎದುರಿಗೆ ನಿಂತೇ ನೋಡಬಹುದು.