ನಿಶ್ಚಲ ಮುಖದ ಗೊಂಬೆ: ಡೇರ್ ರೈಟ್ ಅವರ ಒಂದು ಚಿತ್ರಕಥೆಯನ್ನು ಕುರಿತು

ಛಾಯಾಚಿತ್ರವನ್ನು ಆಧಾರವೆಂದು ಪರಿಗಣಿಸುವುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ರೂಢಿಯಾಗಿಹೋಗಿದೆ. ಹೀಗಿರುವಾಗ, ಆಟಿಕೆಯೊಂದನ್ನು ಕಥಾಪಾತ್ರವಾಗಿ ನಿಲ್ಲಿಸಿ ತೆಗೆದ ಚಿತ್ರವು ಯಾವುದಕ್ಕೆ ಸಾಕ್ಷಿ? ಮಗುವಿನ ಕಲ್ಪನೆಗೋ, ನಿಲ್ಲಿಸಿದ ಹಿರಿಯರ ಮನಸ್ಸಿಗೋ? ಡೇರ್ ರೈಟ್ ಅವರು ೧೯೫೭ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ದಿ ಲೋನ್ಲಿ ಡಾಲ್’ ಎಂಬ ಮಕ್ಕಳ ಪುಸ್ತಕವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕಥೆ ಸರಳವಾದುದು. ಎಡಿತ್ ಎಂಬ ಗೊಂಬೆಗೆ ಚೆಂದದ ಮನೆಯುಂಟು, ಜೊತೆಗಾರರಿಲ್ಲ. ಒಂದು ದಿನ ಹಿರಿಯ ಕರಡಿಯೂ ಮರಿಕರಡಿಯೂ ಬಂದು ಸೇರುತ್ತವೆ. ಹಿರಿಯ ಕರಡಿ ಹೊರಗೆ ಹೋಗಿದ್ದಾಗ ಚಿಕ್ಕವರಿಬ್ಬರೂ ದೊಡ್ಡವರ ಉಡುಪು ಒಡವೆಗಳನ್ನು ತೊಟ್ಟು, ತುಟಿಬಣ್ಣದಿಂದ ಕನ್ನಡಿಯ ಮೇಲೆ ಗೀಚಿ, ಕೊನೆಗೆ ಏಟು ತಿನ್ನುತ್ತಾರೆ. ಕರಡಿಗಳು ತನ್ನನ್ನು ತೊರೆದಾವೆಂದು ಎಡಿತ್ ಅಂಜುತ್ತಾಳೆ. ತೊರೆಯೆವೆಂಬ ಭಾಷೆ ದೊರೆಯುತ್ತದೆ.

ಚಿತ್ರಗಳೆಲ್ಲವೂ ಕಪ್ಪು ಬಿಳುಪಿನವು. ಗೊಂಬೆ ಇಟಲಿಯ ಲೆಂಚಿ ಸಂಸ್ಥೆ ಫೆಲ್ಟ್ ಬಟ್ಟೆಯಿಂದ ತಯಾರಿಸಿದುದು, ಲೇಖಕಿಯ ಬಾಲ್ಯದ ಒಡನಾಡಿ. ಕಣ್ಣುಗಳನ್ನು ಬಣ್ಣದಿಂದ ಬರೆದಿದ್ದಾರೆ. ಹರ್ಷದಲ್ಲಿಯೂ ದುಃಖದಲ್ಲಿಯೂ ಮುಖ ಒಂದೇ. ರೈಟ್ ಅವರ ಬಲ್ಮೆ ಇರುವುದು ಇಲ್ಲಿಯೇ. ಕತ್ತಿನ ತುಸು ವಾಲು, ಬೆಳಕು ಬೀಳುವ ಬದಿ, ಗೊಂಬೆಯ ಎತ್ತರಕ್ಕೆ ಇಳಿದು ನಿಂತ ಕ್ಯಾಮೆರಾ, ಇಷ್ಟರಿಂದಲೇ ಭಾವಕ್ಕೆ ಎಡೆ ಮಾಡಿ, ಭಾವವನ್ನು ತುಂಬುವ ಕೆಲಸವನ್ನು ಓದುವ ಮಗುವಿಗೆ ಬಿಡುತ್ತಾರೆ. ಡೇವಿಡ್ ಲೆವಿಂಥಾಲ್ ಅವರು ಗ್ಯಾರಿ ಟ್ರೂಡೊ ಅವರೊಡಗೂಡಿ ೧೯೭೭ರಲ್ಲಿ ತಂದ ‘ಹಿಟ್ಲರ್ ಮೂವ್ಸ್ ಈಸ್ಟ್’ ಕೃತಿಯಲ್ಲಿ ಆಟಿಕೆ ಸೈನಿಕರನ್ನು ಮಸುಕಾಗಿ ಹಿಡಿದು ನಿಜವಾದ ರಣರಂಗವೆಂಬ ಭ್ರಮೆಯನ್ನು ಹುಟ್ಟಿಸುತ್ತಾರೆ. ರೈಟ್ ಅವರಿಗೆ ಆ ಮರೆಯ ಅಗತ್ಯವಿಲ್ಲ. ಎಡಿತ್ ಗೊಂಬೆಯೆಂದು ತಿಳಿದೇ ಮಗು ನಂಬುತ್ತದೆ.

ಜೀನ್ ನೇಥನ್ ಅವರು ಬರೆದ ಲೇಖಕಿಯ ಜೀವನಚರಿತ್ರೆ ೨೦೦೪ರಲ್ಲಿ ಹೊರಬಂದ ತರುವಾಯ ಪುಸ್ತಕವನ್ನು ಒಂಟಿ ಹೆಂಗಸೊಬ್ಬರ ಮನೋವೇದನೆಯ ದಾಖಲೆಯೆಂದು ಓದುವ ಪರಿಪಾಠ ಬೆಳೆದಿದೆ. ಗೊಂಬೆಯ ಹೆಸರು ಚಿತ್ರಕಲಾವಿದೆಯಾಗಿದ್ದ ತಾಯಿಯದು. ಬಾಲ್ಯದಲ್ಲಿ ಅಣ್ಣನಿಂದ ಅಗಲಿಕೆಯೂ ಆಗಿತ್ತು. ಇವುಗಳನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯ ಏಳು ವರ್ಷದ ಹುಡುಗಿ ಪುಟ ಮಗುಚುತ್ತ, ಎಡಿತ್ ಒಬ್ಬಳೇ ಇದ್ದರೆ ಚಿತ್ರ ತೆಗೆದವರು ಯಾರೆಂದು ಕೇಳಿದಳು. ಜೀವನಚರಿತ್ರೆ ಉತ್ತರಿಸುವುದು ಆ ಒಂದು ಪ್ರಶ್ನೆಗೆ ಮಾತ್ರ. ಹುಡುಗಿಯಾದರೋ ಉತ್ತರಕ್ಕೆ ಕಾಯದೆ ಕನ್ನಡಿಯ ಪುಟಕ್ಕೆ ಹೋಗಿದ್ದಳು.

ನಮ್ಮ ಆಕ್ಷೇಪ ಬೇರೆಯದು. ಬಹಳ ಚರ್ಚೆಗೊಳಗಾದ ಏಟಿನ ಚಿತ್ರವನ್ನು ಕ್ರೂರವೆಂದಷ್ಟೇ ತಳ್ಳಿಹಾಕುವುದು ಸುಲಭ. ಆದರೆ ಗೊಂಬೆಯನ್ನು ದಂಡಿಸುವುದು ಮಕ್ಕಳ ಆಟದಲ್ಲಿ ಅಪರೂಪವೇನಲ್ಲ. ಆಟದಲ್ಲಿ ಹೊಡೆಯುವವಳೂ ಮಗುವೇ, ಮರುಕ್ಷಣ ಸಂತೈಸುವವಳೂ ಮಗುವೇ. ಇಷ್ಟವಿಲ್ಲದಿದ್ದರೆ ಆಟವನ್ನೇ ಬದಲಿಸಬಲ್ಲಳು. ಅಚ್ಚಾದ ಚಿತ್ರದಲ್ಲಿ ಆ ಅಧಿಕಾರ ಕಳೆದುಹೋಗುತ್ತದೆ. ದೊಡ್ಡ ಕರಡಿಯ ತೊಡೆಯ ಮೇಲಿಂದ ಎಡಿತ್ ಏಳಲಾರಳು. ಇನ್ನು, ಜೊತೆಯಲ್ಲಿ ಉಳಿಯುತ್ತೇವೆಂಬ ಭಾಷೆ ಶಿಕ್ಷೆಯ ಬೆನ್ನಿಗೇ ಬರುವುದರಿಂದ ವಿಧೇಯತೆಗೆ ಸಂದ ಬೆಲೆಯಂತೆ ತೋರುತ್ತದೆ. ಅದುವರೆಗೆ ಮಗುವಿಗೆ ಬಿಟ್ಟಿದ್ದ ಎಡೆಯನ್ನು ಹಿರಿಯರ ಕೈ ಇಲ್ಲಿ ತಾನೇ ತುಂಬಿಬಿಟ್ಟಿದೆ. ೧೯೯೮ರ ಮರುಮುದ್ರಣದಲ್ಲಿಯೂ ಆ ಪುಟವನ್ನು ಕೈಬಿಡಲಿಲ್ಲ. ಬಿಡದಿದ್ದುದೇ ಸರಿಯೆಂದು ನಮ್ಮ ಅಭಿಪ್ರಾಯ.