ಮೊದಲು ತೂಗಿ, ಆಮೇಲೆ ಕಟ್ಟಿ

ಶನಿವಾರ ನಸುಕಿನಲ್ಲಿ ನೆಲಮಂಗಲ ದಾಟಿ ಹಾಸನದ ಕಡೆ ಹೊರಟ ಕಾರುಗಳ ಹಿಂದೆ ಈಚೀಚೆಗೆ ಇ-ಸೈಕಲ್‌ಗಳೂ ಕಾಣಿಸುತ್ತಿವೆ. ನೋಡಿದರೆ ಖುಷಿಯಾಗುತ್ತದೆ. ಮಂಡಿನೋವು ಬಂತೆಂದು ಸೈಕಲ್ ಬಿಟ್ಟಿದ್ದವರು, ಅರವತ್ತು ದಾಟಿದವರು ಮೋಟರಿನ ನೆರವಿನಿಂದ ಮತ್ತೆ ಮಲೆನಾಡಿನ ಏರು ಹತ್ತುತ್ತಿದ್ದಾರೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 240 ಕಿ.ಮೀ. ಅಷ್ಟು ದೂರ ಯಾವ ಬ್ಯಾಟರಿಯೂ ಒಂದೇ ಚಾರ್ಜಿನಲ್ಲಿ ಒಯ್ಯುವುದಿಲ್ಲ, ಹೆದ್ದಾರಿಯಲ್ಲಿ ಲಾರಿಗಳ ನಡುವೆ ತುಳಿಯುವುದರಲ್ಲಿ ಸುಖವೂ ಇಲ್ಲ. ಗಿರಿಯ ಬುಡದವರೆಗೆ ಕಾರಿನಲ್ಲಿ ಒಯ್ದು ಅಲ್ಲಿಂದ ತುಳಿಯುವುದೇ ಸರಿ. ಆದರೆ ಅಂಥ ಕಾರು ಪಕ್ಕದಲ್ಲಿ ಹಾದುಹೋದಾಗ ನಾನು ಮೊದಲು ನೋಡುವುದು ಸೈಕಲ್ಲನ್ನಲ್ಲ, ಅದನ್ನು ಹಿಡಿದಿರುವ ಬೆಲ್ಟನ್ನು. ಎಷ್ಟೋ ಸಲ ಎದೆ ಝಲ್ಲೆನ್ನುತ್ತದೆ.

ಕಾರಣ ತೂಕ. ಸಾದಾ ಅಲ್ಯುಮಿನಿಯಂ ಸೈಕಲ್ 12ರಿಂದ 15 ಕೆ.ಜಿ. ತೂಗುತ್ತದೆ. ಹಿಂದಿನ ಗಾಲಿಗೆ ಹಬ್ ಮೋಟರ್, ಫ್ರೇಮಿಗೆ ಬ್ಯಾಟರಿ ಸೇರಿದರೆ ಅದೇ ಸೈಕಲ್ 20-25 ಕೆ.ಜಿ. ಆಗುತ್ತದೆ. ನಾಲ್ಕು ಇಂಚಿನ ದಪ್ಪ ಟೈರಿನದಾದರೆ 30ರ ಹತ್ತಿರ ಹೋಗುತ್ತದೆ. ನಮ್ಮಲ್ಲಿ ಹೆಚ್ಚು ಜನ ಕೊಳ್ಳುವುದು ಕಾರಿನ ಡಿಕ್ಕಿಗೆ ಬೆಲ್ಟ್ ಬಿಗಿದು ನಿಲ್ಲಿಸುವ ರ‍್ಯಾಕ್. ಅಗ್ಗ, ಮಡಚಿ ಒಳಗಿಡಬಹುದು, ಹೆಚ್ಚಿನ ಕಾರುಗಳಿಗೆ ಹೊಂದುತ್ತದೆ. ಈ ಜಾತಿಯ ಹೆಚ್ಚಿನ ರ‍್ಯಾಕ್‌ಗಳು ಸೈಕಲ್ ಒಂದಕ್ಕೆ 15 ಕೆ.ಜಿ. ಆಸುಪಾಸಿನ ಭಾರಕ್ಕೆ ತಯಾರಾದವು. ಚಾವಣಿಯ ಮೇಲೆ ನಿಲ್ಲಿಸುವ ರ‍್ಯಾಕ್‌ಗಳಲ್ಲಿ ಹೆಸರಾಂತದ್ದು 1942ರಲ್ಲಿ ಹುಟ್ಟಿದ ಸ್ವೀಡನ್ನಿನ ಥೂಲೆ ಕಂಪನಿಯ ಪ್ರೋರೈಡ್. ಅದರ ಮಿತಿಯೂ 20 ಕೆ.ಜಿ. ಮಾತ್ರ. ಅದೇ ಕಂಪನಿಯ ಈಜಿಫೋಲ್ಡ್ ಎಕ್ಸ್‌ಟಿ 2 ಎಂಬ, ಟೋ ಹುಕ್ಕಿಗೆ ಕೂರಿಸುವ ತಟ್ಟೆಯಂಥ ರ‍್ಯಾಕ್ ಮಾತ್ರ ತಲಾ 30 ಕೆ.ಜಿ.ಯ ಎರಡು ಸೈಕಲ್ ಹೊರುತ್ತದೆ. ಇ-ಸೈಕಲ್ ಎಂದರೆ ಇಂಥ ರ‍್ಯಾಕೇ ಬೇಕು.

ನಿಂತ ಕಾರಿನಲ್ಲಿ 25 ಕೆ.ಜಿ. ಎಂದರೆ 25 ಕೆ.ಜಿ.ಯೇ. ಓಡುವ ಕಾರಿನಲ್ಲಿ ಹಾಗಲ್ಲ. ಬಣ್ಣ ಮಾಸಿದ ಹಂಪ್ ಕಾಣದೆ ಕಾರು ಎಗರಿ ಬಿದ್ದ ಆ ಕ್ಷಣ ಬೆಲ್ಟಿನ ಮೇಲೆ ಬೀಳುವ ಎಳೆತ ದುಪ್ಪಟ್ಟಿಗೂ ಮೀರಬಹುದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ನಡೆಯುವುದಕ್ಕೂ ಕೈ ಚಾಚಿ ಹಿಡಿದು ನಡೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಭಾರ ಕಾರಿನಿಂದ ದೂರ ಹೋದಷ್ಟೂ ರ‍್ಯಾಕಿನ ಬುಡಕ್ಕೆ ಹಿಂಸೆ. ಆದ್ದರಿಂದ ಎರಡು ಸೈಕಲ್ ಇದ್ದರೆ ಹೆಚ್ಚು ತೂಕದ್ದು ಕಾರಿನ ಪಕ್ಕಕ್ಕೆ, ಹಗುರದ್ದು ಆಚೆಗೆ. ಒಂದರ ಹ್ಯಾಂಡಲ್ ಎಡಕ್ಕಿದ್ದರೆ ಇನ್ನೊಂದರದ್ದು ಬಲಕ್ಕಿರಲಿ, ಪೆಡಲ್‌ಗಳು ಒಂದಕ್ಕೊಂದು ತಾಗಿ ಪೇಂಟ್ ಕೀಳುವುದಿಲ್ಲ.

ಗಾಳಿಯ ಹೊಡೆತವೂ ಕಡಿಮೆಯಲ್ಲ. ಅದು ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ನಿಂದ 100ಕ್ಕೆ ಹೋದರೆ ಗಾಳಿಯ ಒತ್ತಡ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮಳೆಗೆ ನೆನೆಯದಿರಲೆಂದು ಇಡೀ ಸೈಕಲ್ಲಿಗೆ ಹೊದಿಕೆ ಹೊದಿಸಿ ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊದಿಕೆ ಗಾಳಿ ತುಂಬಿಕೊಂಡು ರ‍್ಯಾಕನ್ನೇ ಹಿಂದಕ್ಕೆ ಎಳೆಯುತ್ತದೆ. ಬ್ಯಾಟರಿ ತೆಗೆದ ಜಾಗದ ಕನೆಕ್ಟರಿಗೆ ಮಾತ್ರ ಒಂದು ಚಿಕ್ಕ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಸುತ್ತಿದರೆ ಸಾಕು.

ಬ್ಯಾಟರಿ ತೆಗೆಯಲೇಬೇಕು, ಇದರಲ್ಲಿ ರಾಜಿಯಿಲ್ಲ. ಎರಡೂವರೆಯಿಂದ ನಾಲ್ಕು ಕೆ.ಜಿ. ಭಾರ ಅಲ್ಲೇ ಇಳಿಯುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಲಿಥಿಯಂ ಬ್ಯಾಟರಿ ಜಜ್ಜಿಹೋಗುವ ಅಪಾಯವೂ ತಪ್ಪುತ್ತದೆ. ತೆಗೆದದ್ದನ್ನು ಬಟ್ಟೆಯಲ್ಲಿ ಸುತ್ತಿ ಹಿಂಬದಿ ಸೀಟಿನ ಕಾಲ ಬಳಿ, ಉರುಳಾಡದಂತೆ ಇಡಿ. ಸ್ಪ್ಯಾನರ್, ಕೀಲಿಗೊಂಚಲುಗಳ ಜೊತೆ ಒಂದೇ ಚೀಲಕ್ಕೆ ತುರುಕಬೇಡಿ, ಲೋಹ ತಾಗಿದರೆ ಶಾರ್ಟ್ ಆಗುತ್ತದೆ. ಊಟಕ್ಕೆ ಇಳಿದಾಗ ಕಾರನ್ನು ನೆರಳಲ್ಲಿ ನಿಲ್ಲಿಸಿ. ಬಿಸಿಲಿಗೆ ನಿಂತ ಕಾರಿನೊಳಗೆ 50 ಡಿಗ್ರಿ ದಾಟುವುದು ಅಪರೂಪವಲ್ಲ, ಲಿಥಿಯಂ ಬ್ಯಾಟರಿಗೆ ಅಂಥ ಶಾಖ ಆಗದು. ಡಿಸ್‌ಪ್ಲೇ, ಪಂಪು, ನೀರಿನ ಬಾಟಲಿ, ಸೈಕಲ್ಲಿನಿಂದ ಬಿಚ್ಚಲು ಬರುವ ಎಲ್ಲವೂ ಕಾರಿನೊಳಗೆ ಬರಲಿ.

ಇನ್ನು ಕಟ್ಟುವ ರೀತಿ. ಅಡ್ಡದಂಡವಿಲ್ಲದ ತಗ್ಗು ಫ್ರೇಮಿನ ಸೈಕಲ್ಲನ್ನು ಕೊಂಬಿನಂಥ ತೋಳುಗಳ ಮೇಲೆ ತೂಗುಹಾಕಿದರೆ ಓರೆಯಾಗಿ ನಿಲ್ಲುತ್ತದೆ, ಹಿಂದಿನ ಗಾಲಿ ಸೈಲೆನ್ಸರ್ ಬಾಯಿಗೆ ಎದುರಾಗುತ್ತದೆ. ಗಂಟೆಗಟ್ಟಲೆ ಆ ಬಿಸಿ ಹೊಗೆ ಬಡಿದರೆ ಟೈರು ಕೆಡುತ್ತದೆ, ನೈಲಾನ್ ಬೆಲ್ಟು ಕರಗುತ್ತದೆ. ಗಾಲಿಗಳನ್ನು ಕೆಳಗಿನಿಂದ ಹೊರುವ ತಟ್ಟೆಯ ರ‍್ಯಾಕಿನಲ್ಲಿ ಫ್ರೇಮಿನ ಕ್ಲಾಂಪ್ ಸೈಕಲ್ ಬೀಳದಂತೆ ಹಿಡಿಯುತ್ತದೆ, ಭಾರವೆಲ್ಲ ಗಾಲಿಗಳದ್ದು. ಕಾರ್ಬನ್ ಫ್ರೇಮಿಗೆ ಆ ಕ್ಲಾಂಪನ್ನೂ ಬಿಗಿಯಬಾರದು, ಒಳಗೇ ಬಿರುಕು ಬಿಡಬಹುದು. ದಪ್ಪ ಟೈರಾದರೆ ರ‍್ಯಾಕಿನ ಜೊತೆ ಬಂದ ಗಾಲಿಪಟ್ಟಿ ಸಾಲದು, ಉದ್ದನೆಯದನ್ನು ಬೇರೆಯಾಗಿ ತರಿಸಬೇಕು. ಹೊರಟ ಅರ್ಧ ಗಂಟೆಗೆ ಒಮ್ಮೆ ನಿಲ್ಲಿಸಿ, ಬೆಲ್ಟನ್ನು ಬೆರಳಿನಿಂದ ಮೀಟಿ ನೋಡಿ. ಸಡಿಲಾಗಿದ್ದರೆ ಕೈಗೇ ತಿಳಿಯುತ್ತದೆ. ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆ ಇಳಿದಾಗ ಇನ್ನೊಮ್ಮೆ ನೋಡಿ.

ಕಾನೂನಿನ ಮಾತೂ ಇದೆ. 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಇ-ಸೈಕಲ್ ನಮ್ಮ ನಿಯಮದಲ್ಲಿ ಮೋಟಾರು ವಾಹನವಲ್ಲ. ಆದರೆ ಅದನ್ನು ಹೊತ್ತ ಕಾರು ಮೋಟಾರು ವಾಹನವೇ. ಅದರ ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಹಿಂದಿನವರಿಗೆ ಕಾಣಲೇಬೇಕು. ಟೋ ಹುಕ್ ಹಾಕಿಸುವ ಮುನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿರಲಿ, ವಾಹನದ ಮಾರ್ಪಾಡಿಗೆ ಮಿತಿ ಹಾಕುವುದು ಅದೇ. ಆರ್‌ಟಿಓ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಕೇಳಿಯೇ ಮುಂದುವರಿಯಿರಿ.

ಟೋ ಹುಕ್ ಇಲ್ಲದ ಕಾರಿನವರು ಏನು ಮಾಡಬೇಕು? ನನ್ನ ಉತ್ತರ ಒಂದೇ, ಇ-ಸೈಕಲ್ಲನ್ನು ಕಾರಿನೊಳಗೆ ಮಲಗಿಸಿ. ಹಿಂಬದಿ ಸೀಟು ಮಡಚಿದರೆ ಹೆಚ್ಚಿನ ಹ್ಯಾಚ್‌ಬ್ಯಾಕ್, ಎಸ್‌ಯುವಿಗಳಲ್ಲಿ ಒಂದು ಸೈಕಲ್ ಹಿಡಿಸುತ್ತದೆ. ಹಬ್ ಮೋಟರಿನ ಹಿಂದಿನ ಗಾಲಿ ಬಿಚ್ಚಲು ಹೋಗಬೇಡಿ, ವೈರಿನ ಜೋಡಣೆಯೂ ದೊಡ್ಡ ನಟ್ಟುಗಳೂ ಇರುತ್ತವೆ. ಮುಂದಿನ ಗಾಲಿ ಬಿಚ್ಚಿದರೆ ಸಾಕು. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಗಾಲಿ ತೆಗೆದ ಕೂಡಲೇ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಅದಿಲ್ಲದಿದ್ದರೆ ಮಡಚಿದ ರಟ್ಟಾದರೂ ಸರಿ. ಇಲ್ಲದಿದ್ದರೆ ದಾರಿಯಲ್ಲಿ ಯಾರದೋ ಕೈ ಬ್ರೇಕಿಗೆ ತಾಗಿ ಪ್ಯಾಡ್ ಮುಚ್ಚಿಕೊಳ್ಳುತ್ತದೆ, ಗಿರಿಯ ಬುಡದಲ್ಲಿ ಗಾಲಿ ಕೂರುವುದಿಲ್ಲ. ಮಲಗಿಸುವಾಗ ಚೈನು ಇರುವ ಬದಿ ಮೇಲಿರಲಿ. ಸೈಕಲ್ಲಿಗೂ ಒಂದು ಬೆಲ್ಟ್ ಕಟ್ಟಿ. ಗಕ್ಕನೆ ಬ್ರೇಕ್ ಹಾಕಿದಾಗ ಅದು ಮುಂದಿನ ಸೀಟಿಗೆ ನುಗ್ಗಬಾರದು.

ಬಿಚ್ಚಿ ಕೂಡಿಸಲು ಹತ್ತು ನಿಮಿಷ ಹಿಡಿಯುತ್ತದೆ, ಹಿಂದೆ ಕೂರುವವರಿಗೆ ಜಾಗ ಉಳಿಯುವುದಿಲ್ಲ. ಹಾಗಿದ್ದರೂ ಡಿಕ್ಕಿಗೆ ಬೆಲ್ಟ್ ಬಿಗಿಯುವ ರ‍್ಯಾಕಿಗೆ ಇ-ಸೈಕಲ್ ಹೇರುವುದನ್ನು ನಾನು ಯಾರಿಗೂ ಹೇಳಲಾರೆ. ಬೆಲ್ಟು ಕಿತ್ತುಬಂದರೆ ಹೋಗುವುದು ನಮ್ಮ ಸೈಕಲ್ ಮಾತ್ರವಲ್ಲ, ಹಿಂದೆ ಬೈಕಿನಲ್ಲಿ ಬರುತ್ತಿರುವವನ ಜೀವವೂ ಹೋಗಬಹುದು. ಅಂಗಡಿಯವರು ಇ-ಸೈಕಲ್ ಎಷ್ಟು ದೂರ ಓಡುತ್ತದೆ ಎಂದು ತಾವಾಗಿಯೇ ಹೇಳುತ್ತಾರೆ, ತೂಕವನ್ನು ನಾವು ಕೇಳಬೇಕು. ಈಗಾಗಲೇ ಮನೆಯಲ್ಲಿ ಸೈಕಲ್ ಇದ್ದರೆ ಈ ವಾರವೇ ಹತ್ತಿರದ ಗುಜರಿ ಅಂಗಡಿಗೆ ಒಯ್ದು, ಬ್ಯಾಟರಿ ಸಹಿತ ಒಮ್ಮೆ, ಬ್ಯಾಟರಿ ತೆಗೆದು ಒಮ್ಮೆ ತ್ರಾಸಿನ ಮೇಲೆ ಇಡಿಸಿ. ರ‍್ಯಾಕಿನ ಮೇಲೆ ಅಚ್ಚಾಗಿರುವ ಅಂಕಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಪ್ರವಾಸದ ದಿನ ಗೊತ್ತು ಮಾಡಿ.